‘ಹಿಂಸೆ’ ಎಂದು ಕೇಳಿದರೆ ಹಿಂಸೆ ಸಿಗುವುದಿಲ್ಲ
(ಸ್ವಸಹಾಯ ಸಂಘದ ಸದಸ್ಯೆಯರಿಗಾಗಿ ನಡೆದ ಸಮೀಕ್ಷಾ ತರಬೇತಿಯಲ್ಲಿ ಮಾಡಿದ ಭಾಷಣ)



ಮನೆಮನೆಗೆ ಹೋಗಿ ಕೌಟುಂಬಿಕ ದೌರ್ಜನ್ಯದ ಸಮೀಕ್ಷೆ ಮಾಡಲು ಹೊರಟಿದ್ದೀರಿ. ನಿಮ್ಮ ಪಟ್ಟಿಯ ಮೊದಲ ಪ್ರಶ್ನೆಯ ಮೇಲೆಯೇ ನನ್ನ ತಕರಾರು. ‘ನಿಮ್ಮ ಗಂಡ ನಿಮಗೆ ಹಿಂಸೆ ಕೊಡುತ್ತಾರೆಯೇ?’ ಎಂದು ಬರೆದಿದ್ದೀರಿ. ಬಹಳ ಮಂದಿ ‘ಇಲ್ಲ’ ಎನ್ನುತ್ತಾರೆ. ಅವರೇನೂ ಸುಳ್ಳು ಹೇಳುವುದಿಲ್ಲ. ‘ಸಾರು ಕೆಟ್ಟರೆ ಒಂದೇಟು ಹಾಕ್ತಾರೆ, ಅದನ್ನೂ ಹಿಂಸೆ ಅಂತಾರೇನಕ್ಕ?’ ಎಂದು ನಿಮ್ಮನ್ನೇ ಕೇಳುತ್ತಾರೆ.

ಹೊಡೆಸಿಕೊಳ್ಳುವುದು ಹೆಂಡತಿಯ ಪಾಲಿಗೆ ಸಹಜ ಎಂದು ಚಿಕ್ಕಂದಿನಿಂದ ಕಲಿಸುವ ಕ್ರಮಕ್ಕೆ ಸಮಾಜಶಾಸ್ತ್ರದಲ್ಲಿ ‘ಸಾಮಾಜೀಕರಣ’ ಎನ್ನುತ್ತಾರೆ. ಹೆಸರು ದೊಡ್ಡದು, ಸಂಗತಿ ನಮ್ಮ ಅಡುಗೆಮನೆಯದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿಯಾಗದಿದ್ದರೆ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಗಂಡ ಹೊಡೆಯುವುದು ಸರಿ ಎಂದವರು ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 77 ಮಂದಿ!

ಆದ್ದರಿಂದ ಆ ಸಮೀಕ್ಷೆಯವರು ‘ಹಿಂಸೆ’ ಎಂಬ ಮಾತನ್ನು ಬಿಡಿಸಿ ಕೇಳುತ್ತಾರೆ. ಕೆನ್ನೆಗೆ ಹೊಡೆದರೇ? ತಳ್ಳಿದರೇ? ಕೈ ತಿರುಚಿದರೇ? ಕೂದಲು ಹಿಡಿದು ಎಳೆದರೇ? ಒದ್ದರೇ? ಬೇಕೆಂದೇ ಸುಟ್ಟರೇ? ಇವಕ್ಕೆ ಹೌದು, ಇಲ್ಲ ಎನ್ನಬಹುದು. ಅದು ಹಿಂಸೆಯೋ ಅಲ್ಲವೋ ಎಂಬ ತೀರ್ಪನ್ನು ಆಕೆಯ ತಲೆಗೆ ಕಟ್ಟುವುದಿಲ್ಲ. ನೀವೂ ಹಾಗೇ ಮಾಡಿ. ತವರಿನಿಂದ ಹಣ ತಾ ಎಂದರೇ, ಒಡವೆ ಕಿತ್ತುಕೊಂಡರೇ, ಸಂಘದ ಸಾಲದ ದುಡ್ಡು ಯಾರ ಕೈಸೇರಿತು, ಇವನ್ನೂ ಬಿಡಿಬಿಡಿಯಾಗಿ ಕೇಳಿ.

ಇನ್ನು ಯಾರನ್ನು ಕೇಳುವುದು? ಸಂಘದ ಸದಸ್ಯೆಯರನ್ನಷ್ಟೇ ಕೇಳಿದರೆ ಸಾಲದು. ಸಭೆಗೆ ಬರುವವಳು ಮನೆಯ ಹೊಸ್ತಿಲು ದಾಟಲು ಹೇಗೋ ದಾರಿ ಮಾಡಿಕೊಂಡವಳು. ದಾಟಲಾರದವಳ ಮಾತು ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಓಣಿಯ ಒಂದು ತುದಿಯಿಂದ ಹಿಡಿದು ಐದನೆಯದೋ ಹತ್ತನೆಯದೋ ಮನೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಪರಿಚಯದ ಮನೆಯೆಂದು ಬದಲಾಯಿಸಬೇಡಿ.

ಅಂಕಿ ಕೈಗೆ ಬಂದ ಮೇಲೆ ಅವಸರ ಬೇಡ. ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಆಗಿದೆ ಎಂದವರು ನಮ್ಮ ರಾಜ್ಯದಲ್ಲಿ 2015-16ರಲ್ಲಿ ನೂರಕ್ಕೆ ಸುಮಾರು 21, ಮುಂದಿನ ಸಮೀಕ್ಷೆಯಲ್ಲಿ 44. ಹೊಡೆತ ಇಮ್ಮಡಿಯಾಯಿತೇ, ಅಥವಾ ಬಾಯಿ ಬಿಟ್ಟು ಹೇಳುವವರು ಹೆಚ್ಚಿದರೇ? ಅಂಕಿಯೊಂದೇ ಇದನ್ನು ಹೇಳಲಾರದು. ಕುಳಿತು ಮಾತಾಡಿಸಿದರೆ ಸ್ವಲ್ಪ ತಿಳಿದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ಆಕೆಯ ಕ್ಷೇಮ. ಒಂದು ಮನೆಯಲ್ಲಿ ಒಬ್ಬಳನ್ನೇ, ಒಂಟಿಯಾಗಿದ್ದಾಗಲೇ ಕೇಳಿ. ಹಾಳೆಯ ಮೇಲೆ ಹೆಸರು ಬೇಡ. ಆಕೆ ನೆರವು ಕೇಳಿದರೆ ಹೇಳಲು ಮಹಿಳಾ ಸಹಾಯವಾಣಿ 181 ನಿಮ್ಮ ಬಾಯಲ್ಲಿರಲಿ. ಚೀಟಿಯಲ್ಲಿ ಬರೆದುಕೊಟ್ಟು ಬರಬೇಡಿ, ಬೇರೆಯವರ ಕೈಗೆ ಸಿಕ್ಕರೆ ಅದಕ್ಕೂ ಏಟು ಬೀಳುತ್ತದೆ. ನಡುವೆ ಅತ್ತೆಯೋ ಗಂಡನೋ ಬಂದರೆ ಹಾಳೆ ಮಡಚಿ, ರೇಷನ್ ಅಕ್ಕಿಯ ಮಾತೆತ್ತಿ. ಇನ್ನೊಂದು ದಿನ ಹೋಗಿ.