ಎರಡು ವರ್ಷ ತುಂಬದ ಆಳ್ವಿಕೆ



ಪ್ರಾಚೀನ ಬ್ಯಾಬಿಲೋನ್ ಎಂದೊಡನೆ ನಿಮಗೆ ನೆನಪಾಗುವುದು ದೊರೆ ನೆಬುಕದ್ನೆಜರ್. ಉರ್ದು ಓದುವವರು ಇವನನ್ನು ‘ಬುಖ್ತ್ ನಸ್ರ್’ ಎಂದು ಬಲ್ಲರು. ಕ್ರಿ.ಪೂ. 605ರಿಂದ 562ರವರೆಗೆ 43 ವರ್ಷ ಆಳಿದ ಈತ ಭಾರಿ ಕೋಟೆ, ಅರಮನೆಗಳನ್ನು ಕಟ್ಟಿಸಿದ, ಜೆರುಸಲೇಮನ್ನು ಹಾಳುಗೆಡವಿದ. ಇಂದಿನ ಇರಾಕಿನ ಹಿಲ್ಲಾ ನಗರದ ಬಳಿಯ ಅವಶೇಷಗಳಲ್ಲಿ ಅವನ ಹೆಸರು ಅಚ್ಚೊತ್ತಿದ ಇಟ್ಟಿಗೆಗಳು ದೊರೆತಿವೆ.

ನಾನಿಂದು ಹೇಳಹೊರಟಿರುವುದು ಅವನ ಮಗ ಅಮೇಲ್ ಮರ್ದೂಕನ ಬಗ್ಗೆ. ಕ್ರಿ.ಪೂ. 562ರಲ್ಲಿ ಪಟ್ಟವೇರಿದ ಇವನ ಆಳ್ವಿಕೆ 560ಕ್ಕೇ ಮುಗಿಯಿತು. ಸೋದರಿಯ ಗಂಡ ನೆರಿಗ್ಲಿಸರನೇ ಇವನನ್ನು ಕೊಂದು ದೊರೆಯಾದನೆಂದು ಬ್ಯಾಬಿಲೋನಿನ ಇತಿಹಾಸಕಾರ ಬೆರೋಸಸ್ ಬರೆದಿದ್ದಾನೆ. ಇವನು ನೀತಿ ತಪ್ಪಿ ಆಳಿದನೆಂದೂ ದೂರಿದ್ದಾನೆ.

ಆದರೆ ಇವನ ಒಂದು ಕೆಲಸ ಉಳಿದುಕೊಂಡಿದೆ. ಕ್ರಿ.ಪೂ. 597ರಲ್ಲಿ ನೆಬುಕದ್ನೆಜರನು ಯೆಹೂದ ರಾಜ್ಯದ 18 ವರ್ಷದ ಅರಸ ಯೆಹೋಯಾಖೀನನನ್ನು ಸೆರೆಹಿಡಿದು ತಂದಿದ್ದ. ಆ ಸೆರೆಯಾಳು ಅರಸನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕ ಬರೆದ ಮಣ್ಣಿನ ಫಲಕಗಳು ಬ್ಯಾಬಿಲೋನಿನಲ್ಲೇ ಸಿಕ್ಕಿವೆ, 1939ರಲ್ಲಿ ಪ್ರಕಟವಾಗಿವೆ. 37 ವರ್ಷ ಕಳೆಯಿತು. ಹೊಸ ದೊರೆ ಅವನನ್ನು ಸೆರೆಯಿಂದ ಬಿಡಿಸಿ, ತನ್ನ ಪಂಕ್ತಿಯಲ್ಲೇ ಕೂರಿಸಿ ಊಟ ಮಾಡಿಸಿದನೆಂದು ಬೈಬಲ್ ಹೇಳುತ್ತದೆ. ಆಗ ಸೆರೆಯಾಳಿಗೆ ಸುಮಾರು 55 ವರ್ಷ.

ಏಕೆ ಬಿಡಿಸಿದ? ಚಾಡಿಮಾತಿನಿಂದ ಸೆರೆ ಸೇರಿದ ನೆಬುಕದ್ನೆಜರನ ಮಗನೊಬ್ಬನ ಅಳಲು ಒಂದು ಮಣ್ಣಿನ ಫಲಕದಲ್ಲಿದೆ. ಅವನೇ ಮುಂದೆ ಅಮೇಲ್ ಮರ್ದೂಕ್ ಎಂದು ಹೆಸರು ಬದಲಿಸಿಕೊಂಡಿರಬಹುದೆಂದು ಇರ್ವಿಂಗ್ ಫಿಂಕೆಲ್ ಎಂಬ ವಿದ್ವಾಂಸರು ಊಹಿಸಿದ್ದಾರೆ. ಊಹೆ ನಿಜವಾದರೆ, ಸೆರೆಯ ನೋವು ಉಂಡವನೇ ಸೆರೆಯ ಬಾಗಿಲು ತೆರೆದನೆನ್ನಬೇಕು.

ಓದುಗ ಬಂಧುಗಳೇ, ಅಮೇಲ್ ಮರ್ದೂಕ್ ಒಳ್ಳೆಯ ದೊರೆಯಾಗಿದ್ದನೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ತಂದೆ ವಿಧಿಸಿದ ಶಿಕ್ಷೆಯನ್ನು ಮಗ ಮುಂದುವರಿಸಲಿಲ್ಲ ಎಂಬುದಷ್ಟೇ ನನಗೆ ಮುಖ್ಯ. ಶಿಕ್ಷಕರಾದ ನಾವು ಜೂನ್ ತಿಂಗಳಲ್ಲಿ ಹೊಸ ತರಗತಿಗೆ ಕಾಲಿಡುವ ಮೊದಲೇ ‘ಆ ಹುಡುಗ ದಡ್ಡ, ಈ ಹುಡುಗಿ ಮಾತು ಕೇಳುವುದಿಲ್ಲ’ ಎಂಬ ಹಳೆಯ ತೀರ್ಪುಗಳು ನಮ್ಮ ಕಿವಿಗೆ ಬಿದ್ದಿರುತ್ತವೆ. ಮಗು ಏಳನೆಯ ತರಗತಿ ಮುಗಿಸುವವರೆಗೂ ಅದೇ ತೀರ್ಪು ಬೆನ್ನಟ್ಟುತ್ತದೆ. ನಮ್ಮ ಕೈಯಲ್ಲಿರುವುದು ಒಂದೇ ವರ್ಷ. ಕೊನೆಯ ಬೆಂಚಿನ ಆ ಮಗುವನ್ನು ಮುಂದಕ್ಕೆ ಕರೆದು ಕೂರಿಸಲು ಅಷ್ಟು ಕಾಲ ಸಾಕು.