ಎರೆಯ ತೊಗರಿಗೆ ಹೊರನಾಡಿನ ನಂಟು

ಇಂದು ನಿಮ್ಮ ಮನೆಯ ಸಾರಿಗೆ ಬಿದ್ದ ತೊಗರಿಬೇಳೆ ಎಲ್ಲಿಂದ ಬಂದುದೆಂದು ಎಂದಾದರೂ ವಿಚಾರಿಸಿದ್ದುಂಟೆ? ನಮ್ಮ ಚಿಟಗುಪ್ಪದ ಕಡೆಯದಾಗಿರಬಹುದು, ಕಲಬುರಗಿಯದಾಗಿರಬಹುದು, ಆಫ್ರಿಕದ ಮೊಜಾಂಬಿಕ್ ದೇಶದ್ದೂ ಆಗಿರಬಹುದು. ಬೆಂದು ಕರಗಿದ ಮೇಲೆ ಅದರ ಹುಟ್ಟೂರನ್ನು ಕೇಳುವವರಾರು?

ಚಿಟಗುಪ್ಪ, ಹುಮನಾಬಾದು, ಬಸವಕಲ್ಯಾಣಗಳ ಸೀಮೆಯಲ್ಲಿ ಹೆಸರು, ಉದ್ದು, ಸೋಯಾಗಳ ನಡುವೆ ತೊಗರಿಯ ಸಾಲು ಬಿಡುವುದು ವಾಡಿಕೆ. ಹೆಸರು, ಉದ್ದು ಬೇಗನೆ ಮನೆ ಸೇರುತ್ತವೆ. ತೊಗರಿ ಹಾಗಲ್ಲ, ಎಳ್ಳಮಾವಾಸ್ಯೆಗೆ ನಾವು ಹೊಲದಲ್ಲಿ ಕುಳಿತು ಭಜ್ಜಿ ರೊಟ್ಟಿ ಉಣ್ಣುವ ಹೊತ್ತಿಗೂ ಅದು ಹೊಲದಲ್ಲಿಯೇ ನಿಂತಿರುತ್ತದೆ. ಅದರ ಬೇರು ಆಳಕ್ಕಿಳಿದು ತೇವವನ್ನು ಹುಡುಕುತ್ತದೆ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಕಾಳು ಮನುಷ್ಯನಿಗೆ, ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ. ತಮಿಳರ 'ತುವರೈ', ಸಂಸ್ಕೃತದ 'ತುವರೀ' ನಮ್ಮ ತೊಗರಿಗೆ ದಾಯಾದಿಗಳು. ಯಾರು ಹಿರಿಯರೆಂಬ ವ್ಯಾಜ್ಯವನ್ನು ಇಲ್ಲಿ ಎತ್ತುವುದಿಲ್ಲ.

ಜಗತ್ತಿನಲ್ಲಿ ತೊಗರಿಯನ್ನು ಎಲ್ಲರಿಗಿಂತ ಹೆಚ್ಚು ಬೆಳೆಯುವವರೂ, ಉಣ್ಣುವವರೂ, ಹೊರಗಿನಿಂದ ಕೊಳ್ಳುವವರೂ ಭಾರತೀಯರೇ. ಲೋಕಕ್ಕೆ ಅನ್ನವಿಕ್ಕುವ ಶಕ್ತಿ ಈ ನೆಲಕ್ಕಿದೆಯೆಂಬ ಮಾತನ್ನು ಸಭೆಗಳಲ್ಲಿ ಕೇಳಿದ್ದೇನೆ. ನೆಲಕ್ಕೆ ಇದ್ದೀತು; ಬಿತ್ತುವವನಿಗೆ ಧೈರ್ಯ ಬೇಕಲ್ಲ!

2015ರ ಅಕ್ಟೋಬರದಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದುದು ಗೃಹಿಣಿಯರಿಗೆ ಮರೆತಿರಲಾರದು. ಮಳೆ ಕೈಕೊಟ್ಟು, 2015-16ರ ಬೆಳೆ ದೇಶದಲ್ಲಿ 25 ಲಕ್ಷ ಟನ್ನಿನ ಆಸುಪಾಸಿನಲ್ಲಿ ನಿಂತಿತು. 2016ರ ಜುಲೈಯಲ್ಲಿ ಸರ್ಕಾರವು ಮೊಜಾಂಬಿಕ್ಕಿನಿಂದ ಬೇಳೆಕಾಳು ತರಲು ಒಪ್ಪಂದ ಮಾಡಿಕೊಂಡಿತು: ಮೊದಲ ವರ್ಷ 1 ಲಕ್ಷ ಟನ್ನು, 2020-21ರ ಹೊತ್ತಿಗೆ 2 ಲಕ್ಷ ಟನ್ನು. ಇತ್ತ ಬೆಲೆಯನ್ನು ಕಂಡ ನಮ್ಮ ರೈತನೂ ಬಿತ್ತಿದ, ಮಳೆಯೂ ಬಂದಿತು. 2016-17ರ ಬೆಳೆ 48 ಲಕ್ಷ ಟನ್ನನ್ನು ದಾಟಿತು!

ಬೆಂಬಲ ಬೆಲೆ ಕ್ವಿಂಟಲಿಗೆ 5,050 ರೂಪಾಯಿ. ಪೇಟೆಯ ಧಾರಣೆ ಅದಕ್ಕೂ ಕೆಳಗೆ. ನಾಲ್ಕೆಕರೆಯಲ್ಲಿ ತೊಗರಿ ಹಾಕಿದ್ದ ನನ್ನ ತಮ್ಮನು ಖರೀದಿ ಕೇಂದ್ರದ ಸಾಲಿನಲ್ಲಿ ಚೀಲಗಳ ಮೇಲೆ ಎರಡು ರಾತ್ರಿ ಮಲಗಿದನು. ಮೂರನೆಯ ದಿನ ಸಾಲಗಾರನ ಭಯಕ್ಕೆ ಅಡತಿ ಅಂಗಡಿಗೆ ಹೊಡೆದುಕೊಂಡು ಹೋದನು. ಬೇಳೆಕಾಳು ಹೊರದೇಶಕ್ಕೆ ಹೋಗದಂತೆ 2006ರಿಂದಲೂ ನಿಷೇಧವಿತ್ತು. ತೊಗರಿಗೆ ಆ ಬಾಗಿಲು ತೆರೆದುದು 2017ರ ಸೆಪ್ಟೆಂಬರದಲ್ಲಿ, ಅವನ ರಾಶಿ ಮಾರಿ ಎಂಟು ತಿಂಗಳಾದ ಮೇಲೆ.

ಅದಕ್ಕೂ ಮುನ್ನ ಆಗಸ್ಟಿನಲ್ಲಿ, ತೊಗರಿಯ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಬಂದಿತು. ತಕ್ಕುದೇ ಆಯಿತೆಂದು ನಾನೂ ಹೇಳಿದೆನು. ಆಮೇಲೆ ತಿಳಿಯಿತು: ಮೊಜಾಂಬಿಕ್ಕಿನ ಬಡ ಒಕ್ಕಲಿಗನು ತಾನುಣ್ಣಲೆಂದಲ್ಲ, ಭಾರತ ಕೊಳ್ಳುವುದೆಂದೇ ತೊಗರಿ ಹಾಕಿದ್ದನು, ಅಲ್ಲಿಯೂ ಬೆಲೆ ನೆಲಕಚ್ಚಿತು. ನನ್ನ ತಮ್ಮನೂ ಅವನೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಒಂದೇ ವರ್ಷದಲ್ಲಿ ಇಬ್ಬರೂ ಸೋತರು.

2021ರಲ್ಲಿ ಆಮದಿನ ಮಿತಿಯನ್ನು ತೆಗೆದರು. ಬರ್ಮಾ, ಮಲಾವಿಗಳೊಡನೆ ಐದು ವರ್ಷದ ಒಪ್ಪಂದಗಳೂ ಆದವು. ಉಣ್ಣುವವರಿಗೆ ಬೇಳೆ ಸಾಲದಿದ್ದರೆ ತರಿಸಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ. ಎಷ್ಟು ತರಿಸುವರು, ಯಾವಾಗ ತರಿಸುವರು ಎಂಬುದನ್ನು ಮೃಗಶಿರ ಮಳೆಗೆ ಮೊದಲೇ ಹೇಳಿದರಾಗದೆ? ಕೂರಿಗೆ ಹೂಡಿದ ಮೇಲೆ ಹೇಳಿದರೆ ರೈತನು ಬೀಜವನ್ನು ನೆಲದಿಂದ ಹೆಕ್ಕಿಕೊಳ್ಳಲು ಬರುವುದಿಲ್ಲ.

ನನ್ನ ತಮ್ಮನು ಈಗ ಎರಡೇ ಎಕರೆಯಲ್ಲಿ ತೊಗರಿ ಹಾಕುತ್ತಾನೆ, ಉಳಿದುದು ಸೋಯಾ. ರೇಡಿಯೋದಲ್ಲಿ ಪೇಟೆಧಾರಣೆ ಮುಗಿದೊಡನೆ ನನ್ನತ್ತ ತಿರುಗುತ್ತಾನೆ: "ಅಣ್ಣಾ, ಬರ್ಮಾದ ಹಡಗ ಬಂದದೇನು?"