ಆಪತ್ತಿಗೊಂದು ಪೂರ್ವಾಭ್ಯಾಸ

(ಶತಮಾನೋತ್ಸವ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)

ಧರ್ಮಕೇಂದ್ರದ ಪ್ರಿಯ ಬಾಂಧವರೇ, ಕನ್ಯಾಸ್ತ್ರೀಯರೇ, ದಾದಿಯರ ತರಬೇತಿಯಲ್ಲಿರುವ ಮಕ್ಕಳೇ,

ಈ ದೇವಾಲಯದ ನೂರು ವರ್ಷಗಳ ಗುಣಗಾನವನ್ನು ಹಿರಿಯರು ಸೊಗಸಾಗಿ ಮಾಡಿದ್ದಾರೆ. ನಾವು ನಿಮ್ಮ ಮುಂದಿಡಬಯಸುವುದು ಒಂದು ಬಿನ್ನಹವನ್ನು.

2018ರ ಡಿಸೆಂಬರ್ 14ನ್ನು ಈ ಸೀಮೆಯಲ್ಲಿ ಯಾರೂ ಮರೆತಿಲ್ಲ. ಹನೂರು ಭಾಗದ ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆಯಂದು ಹಂಚಿದ ಪ್ರಸಾದದಲ್ಲಿ ಕೀಟನಾಶಕವನ್ನು ಬೆರೆಸಲಾಗಿತ್ತು. 17 ಮಂದಿ ಮೃತರಾದರು; ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಗೂ ಕೊಳ್ಳೇಗಾಲಕ್ಕೂ ಬಂದವರಲ್ಲಿ ಅನೇಕರನ್ನು ಮುಂದೆ ಮೈಸೂರಿಗೆ ಒಯ್ಯಬೇಕಾಯಿತು.

ಆ ವಿಷ ಮಾನೋಕ್ರೋಟೊಫಾಸ್. ಹೊಲಕ್ಕೆ ಸಿಂಪಡಿಸುತ್ತಿದ್ದ ಔಷಧಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಎದೆಯಲ್ಲಿ ನೀರು ತುಂಬಿದಂತಾಗುತ್ತದೆ, ಕಡೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಅಟ್ರೋಪಿನ್ ಕೊಡಬೇಕೆಂದು ಪುಸ್ತಕ ಓದಿದ ಹುಡುಗಿ ಬಲ್ಲಳು. ಆದರೆ ಒಬ್ಬ ರೋಗಿಯ ಪಕ್ಕದಲ್ಲಿ ನಿಂತು ಕಲಿತವಳ ಮುಂದೆ ಒಮ್ಮೆಗೇ ನಲವತ್ತು ಜನ ಬಂದರೆ? ಬಟ್ಟೆ ಕಳಚಿ ಸೋಪುನೀರಿನಲ್ಲಿ ಮೈ ತೊಳೆಯುವವರಾರು? ಕೈಗವಸು ಹಾಕಿಕೊಳ್ಳಲು ನೆನಪಾದೀತೇ?

ಇದಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಅಣಕು ಕಾರ್ಯಾಚರಣೆ ಎನ್ನೋಣ. 2021ರ ಪದವಿ ಪಠ್ಯಕ್ರಮದಲ್ಲಿ ಇದಕ್ಕೆ ಸ್ಥಾನ ದೊರೆತಿದೆ. ದುಬಾರಿ ಬೊಂಬೆಗಳೇ ಬೇಕೆಂದಿಲ್ಲ. ಬಂದವರನ್ನು ಕೆಂಪು, ಹಳದಿ, ಹಸಿರು, ಕಪ್ಪು ಚೀಟಿ ಕಟ್ಟಿ ವಿಂಗಡಿಸುವುದು ಮೊದಲ ಪಾಠ. ನಡೆಯಬಲ್ಲವನಿಗೆ ಹಸಿರು, ನಿಮಿಷಕ್ಕೆ ಮೂವತ್ತಕ್ಕಿಂತ ಹೆಚ್ಚು ಉಸಿರೆಳೆಯುವವನಿಗೆ ಕೆಂಪು. ಆದರೆ ವಿಷಪ್ರಾಶನದಲ್ಲಿ ಈ ಹಸಿರನ್ನು ನಂಬುವಂತಿಲ್ಲ. ಹಿಂದೊಮ್ಮೆ ನಾವು ಕಂಡ ಅಭ್ಯಾಸವೊಂದರಲ್ಲಿ ಹಸಿರು ಚೀಟಿಯ ಯುವಕನನ್ನು ಬೇವಿನ ಮರದಡಿ ಕೂರಿಸಿ ಎಲ್ಲರೂ ಮರೆತರು. ಅರ್ಧ ಗಂಟೆಯ ಬಳಿಕ ಅಧ್ಯಾಪಕಿ ಅವನ ಚೀಟಿಯನ್ನು ಕಪ್ಪಾಗಿಸಿದರು. ಅವನು ನಗುತ್ತಲೇ ಎದ್ದು ಬಂದ. ಹೊಣೆ ಹೊತ್ತಿದ್ದ ವಿದ್ಯಾರ್ಥಿನಿ ಮಾತ್ರ ಅತ್ತಳು. ಆ ಮಗು ಅಂದಿನಿಂದ ಹಸಿರು ಚೀಟಿಯವರನ್ನು ಎರಡನೆಯ ಬಾರಿ ನೋಡದೆ ಬಿಟ್ಟದ್ದನ್ನು ನಾವು ಕಾಣೆವು.

ಇನ್ನೊಂದು ಕೈಚೀಲದ ಉಸಿರು. ಯಂತ್ರ ಸಾಲದಾದಾಗ ರಬ್ಬರಿನ ಚೀಲವನ್ನು ಐದಾರು ಸೆಕೆಂಡಿಗೊಮ್ಮೆ ಒತ್ತುತ್ತಿರಬೇಕು. ಗಾಬರಿಯಾದ ಕೈ ಬೇಗಬೇಗನೆ ಒತ್ತುತ್ತದೆ. ಕೊಳ್ಳೇಗಾಲದಿಂದ ಮೈಸೂರಿಗೆ ಅರವತ್ತು ಕಿಲೋಮೀಟರಿಗೂ ಹೆಚ್ಚು. ಗಡಿಯಾರ ನೋಡಿಕೊಂಡು ಅಷ್ಟು ಹೊತ್ತು ಒತ್ತಿ ನೋಡಿದವಳಿಗಷ್ಟೇ ತನ್ನ ಕೈಯ ಮಿತಿ ತಿಳಿಯುವುದು. ಕಾವೇರಿ ಉಕ್ಕಿ ದಾಸನಪುರ, ಮುಳ್ಳೂರುಗಳನ್ನು ನುಗ್ಗಿದ 2019ರಂಥ ನೆರೆಗೆ ಬೇರೆಯೇ ಅಭ್ಯಾಸ ಬೇಕು. ಅದನ್ನು ಮುಂದೆ ನೋಡೋಣ.

ಈಗ ನಮ್ಮ ಬಿನ್ನಹ. ಈ ಮಕ್ಕಳ ಅಭ್ಯಾಸಕ್ಕೆ ದೇವಾಲಯದ ಬಯಲನ್ನು ಬಿಟ್ಟುಕೊಡುತ್ತೇವೆ, ರೋಗಿಗಳು ನೀವಾಗಬೇಕು. ಸುಮ್ಮನೆ ಮಲಗುವವರು ಸಾಲದು, ಬಾಯಿ ಬಡಿದುಕೊಂಡು ದಾರಿಗಡ್ಡ ನಿಲ್ಲುವ ಬಂಧುಗಳೂ ಬೇಕು; ಅದಕ್ಕೆ ನಮ್ಮಲ್ಲಿ ಬರವಿಲ್ಲವೆಂದು ಬಲ್ಲೆವು. ಮೈಮೇಲೆ ನೀರು ಸುರಿಯಲಾಗುವುದು, ಬಟ್ಟೆಗೆ ಕತ್ತರಿ ಬೀಳುವುದು. ಆದುದರಿಂದ ಒಳಗೊಂದು ಜೊತೆ ಧರಿಸಿ, ಮೇಲೆ ಹಳೆಯದನ್ನು ಉಟ್ಟು ಬನ್ನಿರಿ.